ರಕ್ತ, ಮೂಳೆ, ಕೊಬ್ಬು, ಲಿಗಮೆಂಟ್ ಎಲ್ಲಾ ಒಂದೇ ಗುಂಪು ಹೇಗೆ? ಕನೆಕ್ಟಿವ್ ಟಿಶ್ಯೂ ಸ್ವಲ್ಪ ಬಿಡಿಸಿ ಹೇಳಿ

ಚಿಂತಾಮಣಿ ಹುಡುಗ

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇವೆ. ಎರಡಕ್ಕೂ ಏನೋ ನಂಟಿದೆ ಅನ್ನಿಸಿ ಒಟ್ಟಿಗೇ ಕೇಳುತ್ತಿದ್ದೇನೆ.

ತಂಗಿ ಕೋಲಾರದಲ್ಲಿ ನರ್ಸಿಂಗ್ ಮೊದಲ ವರ್ಷ. ಅನಾಟಮಿ ಇಂಟರ್ನಲ್ಸ್ ಹತ್ತಿರ ಬಂದಿದೆ. ಸಂಯೋಜಕ ಅಂಗಾಂಶ, ಅದೇ ಕನೆಕ್ಟಿವ್ ಟಿಶ್ಯೂ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ನೋಟ್ಸ್‌ನಲ್ಲಿ ಫೈಬ್ರೊಬ್ಲಾಸ್ಟ್, ಮಾಸ್ಟ್ ಸೆಲ್, ಕೊಲಾಜನ್, ರೆಟಿಕ್ಯುಲರ್ ಅಂತ ಉದ್ದದ ಪಟ್ಟಿ ಇದೆ, ಆದರೆ ಯಾವುದು ಯಾಕಿದೆ ಅಂತ ಒಂದು ಸಾಲೂ ಇಲ್ಲ. ಬಾಯಿಪಾಠ ಮಾಡುತ್ತಾಳೆ, ಬೆಳಗ್ಗೆ ಮರೆತಿರುತ್ತಾಳೆ. ಅವಳ ಪ್ರಶ್ನೆ ಇಷ್ಟೇ: ಹರಿಯುವ ರಕ್ತ, ಗಟ್ಟಿ ಮೂಳೆ, ಹೊಟ್ಟೆಯ ಕೊಬ್ಬು ಇವೆಲ್ಲಾ ಒಂದೇ ಗುಂಪಿಗೆ ಹೇಗೆ ಸೇರಿದವು? ನನ್ನನ್ನು ಕೇಳಿದರೆ ನಾನೇನು ಹೇಳಲಿ, ನಾನು ಓದಿದ್ದು ಬಿ.ಕಾಂ.

ಎರಡನೆಯದು ನನ್ನ ಕಾಲಿನದು. ಕಬಡ್ಡಿ ಆಡುವಾಗ ಮೊಣಕಾಲು ತಿರುಚಿಕೊಂಡಿತು. ಎಕ್ಸ್‌ರೇ ತೆಗೆದು ಮೂಳೆಗೆ ಏನೂ ಆಗಿಲ್ಲ ಅಂದರು, ಮನೆಯವರೆಲ್ಲಾ ನಿರಾಳವಾದರು. ಊತ ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಜಾರಿದಂತಾಗುತ್ತೆ. ಕೊನೆಗೆ ಎಂಆರ್‌ಐ ಮಾಡಿಸಿದರೆ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ ಹರಿದಿದೆ, ಮಂಡಿಯೊಳಗಿನ ಎಸಿಎಲ್ ಅನ್ನುವುದಂತೆ. ನಮ್ಮಣ್ಣ ಬೈಕಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದ, ಅದು ಕೂಡಿಕೊಂಡು ಈಗ ಮಾರ್ಕೆಟ್‌ನಲ್ಲಿ ಆರಾಮಾಗಿ ಟೊಮೊಟೊ ಬಾಕ್ಸ್ ಎತ್ತುತ್ತಿದ್ದಾನೆ. ಅಷ್ಟು ಗಟ್ಟಿ ಮೂಳೆ ಮುರಿದರೆ ಕೂಡುತ್ತೆ, ಈ ಲಿಗಮೆಂಟ್ ಯಾಕೆ ಕೂಡಲ್ಲ? ಅಜ್ಜಿ ಬಿಡದೆ ಕಾಲು ಸೂಪ್ ಕುಡಿಸುತ್ತಿದ್ದಾರೆ. ಅದರಿಂದ ಏನಾದರೂ ಆಗುತ್ತಾ?

ಬಯಾಲಜಿ ಮೇಷ್ಟ್ರು, ತುಮಕೂರು

ತಂಗಿಗೆ ಮೊದಲು ಆ ಪಟ್ಟಿ ಪಕ್ಕಕ್ಕಿಡಲು ಹೇಳಿ. ಈ ಪಾಠದಲ್ಲಿ ಹಿಡಿದುಕೊಳ್ಳಬೇಕಾದ್ದು ಒಂದೇ ವಿಷಯ. ಅದು ಸಿಕ್ಕರೆ ಪಟ್ಟಿ ತಾನಾಗಿ ಕೂರುತ್ತೆ.

ಚರ್ಮದ ಮೇಲ್ಪದರ, ಮಾಂಸಖಂಡ ಇವುಗಳಲ್ಲಿ ಕೋಶಗಳೇ ಮುಖ್ಯ, ಒಂದಕ್ಕೊಂದು ಅಂಟಿಕೊಂಡು ಒತ್ತಾಗಿ ಇರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಹಾಗಲ್ಲ. ಕೋಶಗಳು ದೂರ ದೂರ ಇರುತ್ತವೆ. ಅವುಗಳ ನಡುವಿನ ಜಾಗ ತುಂಬಿಕೊಂಡಿರುವ ವಸ್ತುವೇ ನಿಜವಾದ ಕೆಲಸ ಮಾಡುವುದು. ಅದಕ್ಕೆ ಮಾತೃಕೆ ಅಂತೀವಿ, ಇಂಗ್ಲಿಷ್ ಪುಸ್ತಕದಲ್ಲಿ ಮ್ಯಾಟ್ರಿಕ್ಸ್. ಮಾತೃಕೆಯಲ್ಲಿ ಎರಡು ಭಾಗ: ನಾರುಗಳು, ಮತ್ತು ಆ ನಾರುಗಳು ಮುಳುಗಿರುವ ನೀರು ಹಿಡಿದ ಲೋಳೆ. ಈ ಲೋಳೆಗೆ ಗ್ರೌಂಡ್ ಸಬ್‌ಸ್ಟೆನ್ಸ್ ಅನ್ನುತ್ತಾರೆ.

ಈಗ ಅವಳ ಪ್ರಶ್ನೆಗೆ ಬರೋಣ. ಮಾತೃಕೆ ಬದಲಾದರೆ ಅಂಗಾಂಶ ಬದಲಾಗುತ್ತೆ, ಅಷ್ಟೇ. ಮಾತೃಕೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಲವಣ ಕೂತರೆ ಮೂಳೆ. ಬಿಗಿಯಾದ ಜೆಲ್ ಆಗಿ ಉಳಿದರೆ ಮೃದ್ವಸ್ಥಿ, ನಿಮ್ಮ ಕಿವಿ ಮಡಚಿ ನೋಡಿ. ನಾರು ಜಾಸ್ತಿಯಾಗಿ ಒಂದೇ ದಿಕ್ಕಿಗೆ ಸಾಲಾಗಿ ನಿಂತರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್, ಇಲ್ಲಾ ಲಿಗಮೆಂಟ್. ದ್ರವವಾಗಿದ್ದರೆ ರಕ್ತ. ಕೊಬ್ಬು ಮಾತ್ರ ಸ್ವಲ್ಪ ಉಲ್ಟಾ, ಅಲ್ಲಿ ಕೋಶಗಳೇ ಎಣ್ಣೆ ತುಂಬಿಕೊಂಡು ಉಬ್ಬಿ ಜಾಗವೆಲ್ಲಾ ಆಕ್ರಮಿಸಿರುತ್ತವೆ, ಅದರ ನ್ಯೂಕ್ಲಿಯಸ್ ಒಂದು ಮೂಲೆಗೆ ಒತ್ತಿಹೋಗಿರುತ್ತೆ. ಇವೆಲ್ಲಾ ಭ್ರೂಣದಲ್ಲಿ ಮೀಸೆನ್‌ಕೈಮ್ ಎಂಬ ಒಂದೇ ಮೂಲದಿಂದ ಬಂದವು, ಅದಕ್ಕೇ ಒಂದೇ ಗುಂಪು.

ರಕ್ತದ ಬಗ್ಗೆ ತಂಗಿಗೆ ಅನುಮಾನ ಬಂದಿದ್ದು ಸರಿಯಾಗಿಯೇ ಇದೆ. ಹರಿಯುವ ರಕ್ತದಲ್ಲಿ ನಾರೇ ಇಲ್ಲ. ಫೈಬ್ರಿನೋಜನ್ ಅನ್ನುವ ಪ್ರೋಟೀನ್ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಕರಗಿರುತ್ತೆ, ಗಾಯವಾದಾಗ ಮಾತ್ರ ಅದು ಫೈಬ್ರಿನ್ ನಾರಾಗಿ ಬಲೆ ಕಟ್ಟುತ್ತೆ. ಅದೂ ಅಲ್ಲದೆ ಪ್ಲಾಸ್ಮಾದ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸುವುದು ರಕ್ತಕೋಶಗಳಲ್ಲ, ಲಿವರ್. ಹಾಗಾಗಿ ಪುಸ್ತಕಗಳು ರಕ್ತವನ್ನು ವಿಶೇಷ ಬಗೆ ಅಂತ ಬೇರೆ ಇಡುತ್ತವೆ. ಪರೀಕ್ಷೆಯಲ್ಲಿ ದ್ರವ ಸಂಯೋಜಕ ಅಂಗಾಂಶ ಅಂತ ಬರೆದರೆ ಸಾಕು.

ಇನ್ನು ಕೋಶಗಳು. ಮನೆಯವರು, ನೆಂಟರು ಅಂತ ಎರಡು ಗುಂಪು ಮಾಡಿಕೊಳ್ಳಲಿ. ಮನೆಯವರಲ್ಲಿ ದೊಡ್ಡವನು ಫೈಬ್ರೊಬ್ಲಾಸ್ಟ್, ನಾರು ಮತ್ತು ಲೋಳೆ ಎರಡನ್ನೂ ತಯಾರಿಸುವುದು ಇದೇ. ಕೊಬ್ಬಿನ ಕೋಶ, ಮ್ಯಾಕ್ರೊಫೇಜ್, ಮಾಸ್ಟ್ ಸೆಲ್ ಕೂಡ ಅಲ್ಲೇ ಇರುತ್ತವೆ. ಮ್ಯಾಕ್ರೊಫೇಜ್ ಕಸ, ಕ್ರಿಮಿ ನುಂಗುತ್ತೆ. ಸೋಂಕಾದಾಗ ರಕ್ತದಿಂದ ಇಳಿದು ಬರುವ ಬಿಳಿ ರಕ್ತಕಣಗಳು ನೆಂಟರು. ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶವನ್ನೂ ಇವರ ಜೊತೆಗೇ ಸೇರಿಸಲಿ, ಅದು ಬಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣದಿಂದ ಹುಟ್ಟಿದ್ದು.

ಮಾಸ್ಟ್ ಸೆಲ್ ಮರೆಯುತ್ತಾಳೆ ಅಂದರೆ ಜೇನು ಕಚ್ಚಿದ್ದನ್ನು ನೆನಪಿಸಿ. ಜೇನಿನ ವಿಷದಲ್ಲಿ ಹಯಲುರೊನಿಡೇಸ್ ಎಂಬ ಕಿಣ್ವ ಇದೆ. ಅದು ಚರ್ಮದಡಿಯ ಲೋಳೆಯಲ್ಲಿರುವ ಹಯಲುರಾನಿಕ್ ಆಮ್ಲವನ್ನೇ ಕತ್ತರಿಸುತ್ತೆ, ವಿಷ ಹರಡಲು ದಾರಿಯಾಗುತ್ತೆ. ಅಲ್ಲಿರುವ ಮಾಸ್ಟ್ ಸೆಲ್ ತನ್ನೊಳಗಿನ ಕಾಳುಗಳನ್ನು ಒಡೆದು ಹಿಸ್ಟಮೀನ್ ಸುರಿಯುತ್ತೆ. ಸಣ್ಣ ರಕ್ತನಾಳ ಸೋರುತ್ತೆ, ನೀರು ಬಂದು ಅದೇ ಲೋಳೆಯಲ್ಲಿ ತುಂಬುತ್ತೆ. ಮುಖ ಊದಿಕೊಂಡಿತು ಅಂತೀವಲ್ಲ, ಅದು ಇದೇ.

ನಾರು ಮೂರು ಬಗೆ. ಕೊಲಾಜನ್ ಎಳೆದರೆ ಹಿಗ್ಗಲ್ಲ, ಎಲಾಸ್ಟಿನ್ ಹಿಗ್ಗಿ ವಾಪಸ್ ಬರುತ್ತೆ, ರೆಟಿಕ್ಯುಲರ್ ಅನ್ನುವುದು ತೆಳ್ಳಗಿನ ಕೊಲಾಜನ್ನೇ, ಆದರೆ ಬಲೆಯಾಗಿ ಹೆಣೆದು ಲಿವರ್, ಗುಲ್ಮ, ಮೂಳೆಮಜ್ಜೆಯಲ್ಲಿ ಕೋಶಗಳನ್ನು ಹಿಡಿದಿಡುತ್ತೆ. ನಮ್ಮ ದೇಹದ ಒಟ್ಟು ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕೊಲಾಜನ್ನೇ. ಅದರ ಅಣು ಮೂರು ಎಳೆ ಹೊಸೆದ ಹಗ್ಗ. ಅದು ಹಾಗೆ ಹೊಸೆದಿದೆ ಅಂತ 1954ರಲ್ಲಿ ತೋರಿಸಿದವರು ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ನಮ್ಮ ಹುಡುಗರಿಗೆ ಸಿ.ವಿ. ರಾಮನ್ ಗೊತ್ತು, ಇವರು ಗೊತ್ತಿಲ್ಲ, ಬೇಜಾರಾಗುತ್ತೆ.

ಆ ಎಳೆಗಳಲ್ಲಿ ಪ್ರತಿ ಮೂರನೇ ಅಮೈನೊ ಆಮ್ಲ ಗ್ಲೈಸಿನ್, ಅದು ತೀರಾ ಚಿಕ್ಕದು. ಮೂರು ಎಳೆ ಸೇರುವ ನಡು ಜಾಗದಲ್ಲಿ ಅದಕ್ಕಿಂತ ದೊಡ್ಡದು ಹಿಡಿಯಲ್ಲ. ಹೊಸೆದದ್ದು ಬಿಚ್ಚಿಕೊಳ್ಳದೆ ನಿಲ್ಲಬೇಕು ಅಂದರೆ ಪ್ರೋಲೀನ್ ಹೈಡ್ರಾಕ್ಸಿಪ್ರೋಲೀನ್ ಆಗಬೇಕು, ಅದಕ್ಕೆ ವಿಟಮಿನ್ ಸಿ ಬೇಕೇ ಬೇಕು. ಹಿಂದೆ ಹಡಗಿನವರಿಗೆ ಸ್ಕರ್ವಿ ಬಂದಾಗ ಒಸಡಲ್ಲಿ ರಕ್ತ, ಹಲ್ಲು ಅಲ್ಲಾಡುವುದು, ಯಾವತ್ತೋ ವಾಸಿಯಾದ ಗಾಯ ಮತ್ತೆ ಬಿಚ್ಚಿಕೊಳ್ಳುವುದು, ಎಲ್ಲಾ ಈ ಕಾರಣಕ್ಕೆ.

ಶಿರಾ ಕುರಿ

ಮೇಷ್ಟ್ರೇ ಚೆನ್ನಾಗಿ ಹೇಳಿದಿರಿ. ನಾನು ಓದಿದ್ದು ಕಮ್ಮಿ, ಮಟನ್ ಅಂಗಡಿ ನಮ್ಮದು. ನೀವು ಹೇಳಿದ ಸುಮಾರು ವಸ್ತು ನಮ್ಮ ಕೈಗೆ ದಿನಾ ಸಿಗುತ್ತೆ.

ಚರ್ಮ ಸುಲಿಯುವಾಗ ಚಾಕು ಬರೀ ಶುರು ಮಾಡಲು. ಆಮೇಲೆ ಮುಷ್ಟಿ ಕಟ್ಟಿ ಚರ್ಮಕ್ಕೂ ಮಾಂಸಕ್ಕೂ ನಡುವೆ ತಳ್ಳುತ್ತಾ ಹೋಗುತ್ತೀವಿ. ಅಲ್ಲಿ ಬಿಳೀ, ತೇವದ, ಜೇಡರ ಬಲೆಗಿಂತ ಸ್ವಲ್ಪ ದಪ್ಪ ಪೊರೆ ಚರ್ ಅಂತ ಬಿಡುತ್ತೆ. ಹೊಟ್ಟೆ ಕಡೆ ಸಲೀಸು, ಮಂಡಿ, ಕುತ್ತಿಗೆ ಹತ್ತಿರ ಹಿಡಿದುಕೊಳ್ಳುತ್ತೆ, ಅಲ್ಲಿ ಚಾಕು ಬೇಕು. ಅದೂ ಇದೇ ಜಾತಿ ಇರಬೇಕು ಅಲ್ವಾ?

ಇನ್ನೊಂದು. ಕಾಲಿನ ಬಿಳಿ ನಾರು, ನಾವು ನರ ಅಂತೀವಿ, ಕುಕ್ಕರ್‌ನಲ್ಲಿ ಚೆನ್ನಾಗಿ ಕೂಗಿಸಿದರೆ ಮೆತ್ತಗಾಗಿ ಬೆರಳಿಗೆ ಅಂಟುತ್ತೆ, ಸೂಪ್ ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಗಡ್ಡೆ ಕಟ್ಟಿರುತ್ತೆ. ಆದರೆ ಕುತ್ತಿಗೆ ಮೇಲೆ ಉದ್ದಕ್ಕೂ ಒಂದು ಹಳದಿ ಪಟ್ಟಿ ಬರುತ್ತೆ. ಎಳೆದರೆ ರಬ್ಬರ್ ಹಂಗೆ ಹಿಗ್ಗುತ್ತೆ. ಅದನ್ನ ಎಷ್ಟು ಬೇಯಿಸಿದರೂ ಬೇಯಲ್ಲ. ಗೊತ್ತಿರುವ ಗಿರಾಕಿಗಳು ಅದನ್ನ ತೆಗೆದು ಕೊಡಿ ಅಂತಾರೆ. ಎರಡೂ ನಾರೇ, ಒಂದು ಬೇಯುತ್ತೆ ಒಂದು ಬೇಯಲ್ಲ, ಯಾಕೆ ಸಾರ್?

ಮತ್ತೆ ಕಾಲು ಸೂಪ್ ಮಂಡಿಗೆ ಒಳ್ಳೇದು. ಇದರಲ್ಲಿ ವಾದ ಬೇಡ.

ಬಯಾಲಜಿ ಮೇಷ್ಟ್ರು, ತುಮಕೂರು

ಶಿರಾ ಅಣ್ಣ, ನಿಮ್ಮ ಅಂಗಡಿಗೆ ನಮ್ಮ ಹುಡುಗರನ್ನು ಕರೆದುಕೊಂಡು ಬರಬೇಕು. ಲ್ಯಾಬಿನ ಸ್ಲೈಡ್‌ಗಿಂತ ಅಲ್ಲೇ ಜಾಸ್ತಿ ಕಲಿಯುತ್ತಾರೆ.

ಮುಷ್ಟಿಗೆ ಬಿಡುವ ಆ ಪೊರೆಯೇ ಏರಿಯೋಲಾರ್ ಅಂಗಾಂಶ, ಸಡಿಲ ಬಗೆ. ನಾರು ಕಮ್ಮಿ, ಲೋಳೆ ಜಾಸ್ತಿ, ನಾರುಗಳು ದಿಕ್ಕುದೆಸೆ ಇಲ್ಲದೆ ಚೆಲ್ಲಾಡಿರುತ್ತವೆ. ನಮ್ಮ ಮುಂಗೈ ಚರ್ಮ ಹಿಡಿದು ಆಚೀಚೆ ಜರುಗಿಸಬಹುದಲ್ಲ, ಅದು ಸಾಧ್ಯವಾಗುವುದು ಈ ಪದರದಿಂದ. ಅಂಗೈಯಲ್ಲಿ ಜರುಗಿಸಿ ನೋಡಿ, ಆಗಲ್ಲ. ಅಲ್ಲಿ ಗಟ್ಟಿ ನಾರಿನ ಕಟ್ಟುಗಳು ಚರ್ಮವನ್ನು ಕೆಳಗಿನ ಪದರಕ್ಕೆ ಬಿಗಿದಿರುತ್ತವೆ. ಇಲ್ಲದಿದ್ದರೆ ಗುದ್ದಲಿ ಹಿಡಿದಾಗ ಚರ್ಮ ಜಾರುತ್ತಿತ್ತು.

ಕಾಲಿನ ಬಿಳಿ ನಾರು ಟೆಂಡನ್, ಅಂದರೆ ಕೊಲಾಜನ್. ನೀರಲ್ಲಿ ಹೊತ್ತು ಬೆಂದರೆ ಹೊಸೆದ ಎಳೆಗಳು ಬಿಚ್ಚಿಕೊಂಡು ಜೆಲಟಿನ್ ಆಗುತ್ತೆ. ಫ್ರಿಜ್‌ನಲ್ಲಿ ಗಡ್ಡೆ ಕಟ್ಟುವುದು ಅದೇ. ವಯಸ್ಸಾದ ಕುರಿಯಲ್ಲಿ ಕೊಲಾಜನ್ ಎಳೆಗಳ ನಡುವೆ ಅಡ್ಡ ಬೆಸುಗೆ ಜಾಸ್ತಿಯಾಗಿರುತ್ತೆ, ಅದಕ್ಕೇ ಎಳೇ ಮರಿಗಿಂತ ಇನ್ನೊಂದೆರಡು ವಿಶಲ್ ಜಾಸ್ತಿ ಬೇಕು.

ಕುತ್ತಿಗೆಯ ಹಳದಿ ಪಟ್ಟಿ ನ್ಯೂಕಲ್ ಲಿಗಮೆಂಟ್. ಅದರಲ್ಲಿ ಬಹುಪಾಲು ಎಲಾಸ್ಟಿನ್. ಎಲಾಸ್ಟಿನ್ ಕುದಿಯುವ ನೀರಿಗೂ ಕರಗಲ್ಲ, ಅದರ ಬೆಸುಗೆಗಳೇ ಬೇರೆ ರೀತಿ. ಕುರಿ ದಿನವಿಡೀ ತಲೆ ಬಗ್ಗಿಸಿ ಮೇಯುತ್ತೆ. ಅಷ್ಟು ಭಾರದ ತಲೆಯನ್ನು ಬರೀ ಮಾಂಸಖಂಡದ ಬಲದಲ್ಲಿ ಎತ್ತಿ ಇಳಿಸಿದರೆ ಸುಸ್ತಾಗುತ್ತೆ. ಈ ಪಟ್ಟಿ ಹಿಗ್ಗಿ ತಾನೇ ಎಳೆದುಕೊಳ್ಳುತ್ತೆ. ನಮ್ಮ ದೇಹದಲ್ಲಿ ಎಲಾಸ್ಟಿನ್ ಜಾಸ್ತಿ ಬೇಕಾಗಿರುವುದು ಮಹಾಪಧಮನಿಯಲ್ಲಿ, ಹೃದಯ ಒತ್ತಿದಾಗಲೆಲ್ಲಾ ಹಿಗ್ಗಿ ಕುಗ್ಗಬೇಕಲ್ಲ. ಎಲಾಸ್ಟಿನ್ ನಾರು ಸರಿಯಾಗಿ ಕಟ್ಟಲು ಫೈಬ್ರಿಲಿನ್ ಎಂಬ ಇನ್ನೊಂದು ಪ್ರೋಟೀನ್ ಬೇಕು. ಆ ಜೀನ್ ಕೆಟ್ಟರೆ ಮಾರ್ಫಾನ್ ಸಿಂಡ್ರೋಮ್. ತುಂಬಾ ಉದ್ದನೆಯ ಕೈಕಾಲು, ಬೆರಳು, ಕಣ್ಣಿನ ಲೆನ್ಸ್ ಜಾರುವುದು, ಎಲ್ಲಕ್ಕಿಂತ ಅಪಾಯ ಅಂದರೆ ಮಹಾಪಧಮನಿ ಅಗಲವಾಗಿ ಸೀಳುವುದು. ನರ್ಸಿಂಗ್ ಓದುವವರು ಇದನ್ನು ನೆನಪಿಡಬೇಕು.

ಫಿಸಿಯೋ ಅಕ್ಕ, ಗೌರಿಬಿದನೂರು

ಮೊಣಕಾಲಿನ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ತಮ್ಮಾ, ನಿನ್ನ ಕಾಲು ನೋಡದೆ ಚಿಕಿತ್ಸೆ ಹೇಳಲ್ಲ. ಕಾರಣ ಮಾತ್ರ ಹೇಳುತ್ತೇನೆ.

ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವುದು ಕ್ಯಾಲ್ಸಿಯಂ. ಲಿಗಮೆಂಟ್‌ನಲ್ಲಿ ಅದಿಲ್ಲ, ಹಾಗಾಗಿ ಪೂರ್ತಿ ಹರಿದಿದ್ದರೂ ಎಕ್ಸ್‌ರೇ ನಾರ್ಮಲ್ ಬರುತ್ತೆ. ನಮ್ಮ ಕಡೆ ಮೂಳೆ ಮುರಿದಿಲ್ಲ ಅಂತ ಗೊತ್ತಾದ ತಕ್ಷಣ ಎಣ್ಣೆ ನೀವಿಸಿಕೊಂಡು, ಇಲ್ಲಾ ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಂಡು ಓಡಾಡಲು ಶುರು ಮಾಡುತ್ತಾರೆ. ಕಾಲು ಜಾರಿದಂತಾಗುವುದು ಸಣ್ಣ ವಿಷಯ ಅಲ್ಲ. ಹಾಗೆ ಜಾರಿದಾಗಲೆಲ್ಲಾ ಒಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್, ಮೃದ್ವಸ್ಥಿ ಸವೆಯುತ್ತಿರುತ್ತೆ.

ಮೂಳೆ ಯಾಕೆ ಕೂಡುತ್ತೆ? ಮೂಳೆಗೆ ರಕ್ತ ಧಾರಾಳ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಆ ಹೆಪ್ಪೇ ಮೊದಲ ಸೇತುವೆ. ಅದರ ಮೇಲೆ ಕೋಶಗಳು ಬಂದು ಮೊದಲು ಕ್ಯಾಲಸ್ ಎಂಬ ಮೆತ್ತನೆಯ ಬೆಸುಗೆ, ಆಮೇಲೆ ಮೂಳೆ ಕಟ್ಟುತ್ತವೆ. ಆಸ್ಟಿಯೊಬ್ಲಾಸ್ಟ್ ಎಂಬ ಕೋಶ ಕಟ್ಟುತ್ತೆ, ಆಸ್ಟಿಯೊಕ್ಲಾಸ್ಟ್ ಎಂಬ ಕೋಶ ಜಾಸ್ತಿಯಾದದ್ದನ್ನು ಕೆರೆದು ತೆಗೆಯುತ್ತೆ. ಕೊನೆಗೆ ಅಲ್ಲಿ ಇರುವುದು ಮತ್ತೆ ಮೂಳೆಯೇ, ಕಲೆ ಅಲ್ಲ.

ಲಿಗಮೆಂಟ್‌ಗೆ ರಕ್ತ ಕಮ್ಮಿ, ಕೋಶಗಳೂ ಕಮ್ಮಿ. ಅದು ಗಾಯದ ಕಲೆ ಕಟ್ಟಿ ವಾಸಿಯಾಗುತ್ತೆ. ಮೊದಲು ತೆಳ್ಳಗಿನ ಟೈಪ್ 3 ಕೊಲಾಜನ್ ಗಜಿಬಿಜಿಯಾಗಿ ಬರುತ್ತೆ, ತಿಂಗಳುಗಟ್ಟಲೆ ಹಿಡಿದು ಟೈಪ್ 1 ಆಗುತ್ತಾ ಸಾಲಾಗಿ ನಿಲ್ಲುತ್ತೆ, ಆದರೂ ಮೊದಲಿನ ಗುಣ ಪೂರ್ತಿ ಬರಲ್ಲ. ಮಂಡಿಯ ಒಳಪಕ್ಕದ ಎಂಸಿಎಲ್ ಸಾಮಾನ್ಯವಾಗಿ ಹೀಗೆ ತಾನೇ ಕೂಡಿಕೊಳ್ಳುತ್ತೆ. ಎಸಿಎಲ್ ಕಥೆ ಬೇರೆ. ಅದು ಕೀಲಿನ ಒಳಗೆ, ದ್ರವದ ನಡುವೆ ಇದೆ. ಅಲ್ಲಿ ಹೆಪ್ಪು ನಿಲ್ಲಲ್ಲ, ತುಂಡಾದ ಎರಡು ತುದಿಗಳ ನಡುವೆ ಸೇತುವೆಯೇ ಬೀಳಲ್ಲ. ಫೈಬ್ರೊಬ್ಲಾಸ್ಟ್ ಇದ್ದರೂ ಎಲ್ಲಿ ಕೂತು ನೇಯಬೇಕು?

ಅದಕ್ಕೇ ಆಪರೇಷನ್ ಮಾಡಿದರೆ ಹೊಲಿಯುವುದು ಕಮ್ಮಿ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ಅಥವಾ ಮಂಡಿ ಚಿಪ್ಪಿನ ಕೆಳಗಿನ ಟೆಂಡನ್ ತೆಗೆದು ಆ ಜಾಗಕ್ಕೆ ಹಾಕುತ್ತಾರೆ. ಟೆಂಡನ್ ಮಾಂಸಖಂಡವನ್ನು ಮೂಳೆಗೆ ಕಟ್ಟುತ್ತೆ, ಲಿಗಮೆಂಟ್ ಮೂಳೆಯನ್ನು ಮೂಳೆಗೆ ಕಟ್ಟುತ್ತೆ. ಒಂದನ್ನು ಇನ್ನೊಂದರ ಕೆಲಸಕ್ಕೆ ಇಟ್ಟರೆ ದೇಹ ಅದರೊಳಗೆ ಹೊಸ ಕೋಶ ಕಳಿಸಿ ನಿಧಾನವಾಗಿ ಲಿಗಮೆಂಟ್ ಥರ ಮಾಡಿಕೊಳ್ಳುತ್ತೆ. ಇದಕ್ಕೆ ಹಲವು ತಿಂಗಳು ಬೇಕು. ನೋವಿಲ್ಲ ಅಂತ ಬೇಗ ಅಂಕಣಕ್ಕೆ ಇಳಿದವರು ಮತ್ತೆ ಹರಿದುಕೊಂಡು ಬರುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕು ಅಂತಿಲ್ಲ, ವಯಸ್ಸು, ಆಟ, ಮಂಡಿ ಎಷ್ಟು ಸಡಿಲ ಅನ್ನುವುದನ್ನು ನೋಡಿ ಆರ್ಥೋ ಡಾಕ್ಟರ್ ಹೇಳುತ್ತಾರೆ. ಕಬಡ್ಡಿ ಆಡಲೇಬೇಕು ಅಂದರೆ ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳು.

ವ್ಯಾಯಾಮ ತಪ್ಪಿಸಬೇಡ. ಫೈಬ್ರೊಬ್ಲಾಸ್ಟ್ ಎಳೆತ ಬರುವ ದಿಕ್ಕಿಗೇ ನಾರು ಹಾಕುತ್ತೆ. ಹೇಳಿಕೊಟ್ಟ ವ್ಯಾಯಾಮ ಹೇಳಿದಷ್ಟು ಮಾಡಿದರೆ ನಾರು ಸಾಲಾಗಿ ಬರುತ್ತೆ. ಸುಮ್ನೆ ಮಲಗಿದರೆ ಬರಲ್ಲ.

ಸೂಪ್ ಬಗ್ಗೆ: ಶಿರಾ ಅಣ್ಣ ಬೇಜಾರು ಮಾಡಿಕೊಳ್ಳಬಾರದು. ಕುಡಿದ ಕೊಲಾಜನ್ ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೊ ಆಮ್ಲ, ಸಣ್ಣ ತುಂಡುಗಳಾಗಿ ರಕ್ತಕ್ಕೆ ಹೋಗುತ್ತೆ. ನೇರವಾಗಿ ಮಂಡಿಗೆ ಹೋಗಿ ಅಂಟಿಕೊಳ್ಳಲ್ಲ.

ಶಿರಾ ಕುರಿ

ಬೇಜಾರಿಲ್ಲ ಅಕ್ಕ. ಆದರೆ ನಮ್ಮ ತಾತ ಕಾಲು ಸೂಪ್ ಕುಡಿದೇ ಕೊನೇವರೆಗೂ ಕುರಿ ಹಿಂದೆ ನಡೆದರು.

ಫಿಸಿಯೋ ಅಕ್ಕ, ಗೌರಿಬಿದನೂರು

ಕುರಿ ಹಿಂದೆ ನಡೆದರು ಅಂದಿರಲ್ಲ, ಅದೇ ಕಾರಣ ಅಣ್ಣ. ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಕೀಲಿನ ದ್ರವದಿಂದ ಊಟ ಇಳಿಯಬೇಕು, ಭಾರ ಬಿದ್ದು ಬಿಟ್ಟು ಆದಾಗ ಆ ದ್ರವ ಒಳಗೆ ಹೊರಗೆ ಓಡಾಡುತ್ತೆ. ನಡೆಯುವವರ ಮಂಡಿಗೆ ಊಟ ಸಿಗುತ್ತೆ.

ಚಿಂತಾಮಣಿ ಹುಡುಗ

ಅಬ್ಬಾ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮೊಬೈಲ್ ತೆಗೆದರೆ ಸಾಕು ಕೊಲಾಜನ್ ಪೌಡರ್ ಜಾಹೀರಾತು ಬರುತ್ತಲ್ಲ, ಅದೂ ಅಷ್ಟೇನಾ? ಒಂದು ಡಬ್ಬದ ರೇಟಿಗೆ ಮನೆಗೆ ಒಂದು ವಾರದ ರೇಷನ್ ಬರುತ್ತೆ.

ಫಿಸಿಯೋ ಅಕ್ಕ, ಗೌರಿಬಿದನೂರು

ಡಬ್ಬದಲ್ಲಿರುವುದೂ ಒಡೆದ ಕೊಲಾಜನ್ನೇ, ಸೂಪ್‌ಗೆ ಆಗುವುದೇ ಅದಕ್ಕೂ ಆಗುತ್ತೆ. ಹರಿದ ಎಸಿಎಲ್ ಅದರಿಂದ ಕೂಡಲ್ಲ. ಅಜ್ಜಿ ಪ್ರೀತಿಯಿಂದ ಮಾಡಿದ ಸೂಪ್ ಕುಡಿ, ಅದರಲ್ಲಿ ರುಚಿಯಾದರೂ ಇದೆ. ಮೊಟ್ಟೆ, ಬೇಳೆ, ಹುರುಳಿ ತಿನ್ನು. ಮೇಷ್ಟ್ರು ಹೇಳಿದ ವಿಟಮಿನ್ ಸಿಗೆ ಸೀಬೆಹಣ್ಣು, ನೆಲ್ಲಿಕಾಯಿ ಸಾಕು. ಬೀಡಿ ಸಿಗರೇಟ್ ಇದ್ದರೆ ಬಿಡು, ಗಾಯ ವಾಸಿಯಾಗುವುದನ್ನು ಅದು ತಡ ಮಾಡುತ್ತೆ.

ಕೆಜಿಎಫ್ ಮಂದಿ

ಪಾಠದಲ್ಲಿ ಫೈಬ್ರೊಬ್ಲಾಸ್ಟ್ ಅಂದರೆ ಒಳ್ಳೆಯವನು, ಗಾಯ ವಾಸಿ ಮಾಡುವವನು ಅಂತಲೇ ಇರುತ್ತೆ. ಅದು ನಿಲ್ಲದಿದ್ದರೆ ಏನಾಗುತ್ತೆ ಅಂತ ನಮ್ಮ ಊರಿನ ಹಿರಿಯರಿಗೆ ಗೊತ್ತು. ಇಲ್ಲಿ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಆಳ ಇತ್ತು, 2001ರಲ್ಲಿ ಮುಚ್ಚಿತು. ಬಂಡೆ ಕೊರೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾ. ಆ ಸಣ್ಣ ಕಣ ಉಸಿರಲ್ಲಿ ಶ್ವಾಸಕೋಶದ ಕೊನೇ ಗೂಡಿನವರೆಗೂ ಹೋಗುತ್ತೆ. ಮ್ಯಾಕ್ರೊಫೇಜ್ ಅದನ್ನು ನುಂಗುತ್ತೆ, ಆದರೆ ಅರಗಿಸಿಕೊಳ್ಳಲು ಆಗಲ್ಲ, ಸಾಯುತ್ತೆ. ಸಾಯುವಾಗ ಅದು ಬಿಡುವ ಸಂದೇಶಕ್ಕೆ ಫೈಬ್ರೊಬ್ಲಾಸ್ಟ್ ಬಂದು ಕೊಲಾಜನ್ ಸುತ್ತುತ್ತೆ. ಕಣ ಹೊರಗೆ ಬಿದ್ದರೆ ಇನ್ನೊಂದು ಮ್ಯಾಕ್ರೊಫೇಜ್ ನುಂಗುತ್ತೆ, ಮತ್ತೆ ಅದೇ. ಗಂಟು ಗಂಟಾಗಿ ಶ್ವಾಸಕೋಶ ಬಿಗಿಯಾಗುತ್ತಾ ಹೋಗುತ್ತೆ. ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೂ ಅದು ಮುಂದುವರಿಯಬಹುದು. ಸಿಲಿಕೋಸಿಸ್ ಅಂದರೆ ಇದು. ಕೆಮ್ಮು ಅಂದರೆ ಟಿಬಿ ಅಂತ ಮಾತ್ರ ನೋಡಬಾರದು, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ನಿಮ್ಮ ತಂಗಿ ಕೋಲಾರದಲ್ಲೇ ನರ್ಸ್ ಆಗುವುದಾದರೆ ಕಲ್ಲು ಕ್ವಾರಿ, ಕ್ರಷರ್ ಕೆಲಸದವರನ್ನು ನೋಡಿದಾಗ ಏನು ಕೆಲಸ ಮಾಡುತ್ತಿದ್ದಿರಿ ಅಂತ ಒಂದು ಮಾತು ಕೇಳಲಿ.

ಪಾವಗಡ ಬಿಸಿಲು

ನಮ್ಮ ಕಡೆಯದೂ ಒಂದು ಸೇರಿಸಿ. ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಹಲ್ಲು ಕಂದು ಆಗುವುದು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಕುಡಿದರೆ ಲಿಗಮೆಂಟ್‌ಗಳಲ್ಲೇ ಕ್ಯಾಲ್ಸಿಯಂ ಕೂರುತ್ತೆ. ಕುತ್ತಿಗೆ, ಬೆನ್ನು ಬಗ್ಗಲ್ಲ. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣಲ್ಲ ಅಂದರಲ್ಲ ಅಕ್ಕ, ನಮ್ಮ ಕಡೆಯವರದ್ದು ಕೆಲವರಿಗೆ ಕಾಣುತ್ತೆ.

ಚಿಂತಾಮಣಿ ಹುಡುಗ

ತಂಗಿ ಎಲ್ಲಾ ಓದಿದಳು. ಈಗ ಅವಳದೇ ಎರಡು ಪ್ರಶ್ನೆ: ಡೆನ್ಸ್ ರೆಗ್ಯುಲರ್, ಡೆನ್ಸ್ ಇರ್ರೆಗ್ಯುಲರ್ ಅಂತ ಯಾಕೆ ಬೇರೆ ಮಾಡಿದ್ದಾರೆ? ಮೂಳೆಯೊಳಗೆ ನಾರು ಇದೆ ಅಂತ ಹೇಗೆ ನಂಬುವುದು?

ಬಯಾಲಜಿ ಮೇಷ್ಟ್ರು, ತುಮಕೂರು

ಎಳೆತ ಒಂದೇ ದಿಕ್ಕಿಂದ ಬರುವ ಕಡೆ ನಾರು ಒಂದೇ ದಿಕ್ಕಿಗೆ, ಅದು ರೆಗ್ಯುಲರ್: ಟೆಂಡನ್, ಲಿಗಮೆಂಟ್. ನಾಲ್ಕೂ ಕಡೆಯಿಂದ ಎಳೆತ ಬರುವ ಕಡೆ ಅಡ್ಡಾದಿಡ್ಡಿ ಹೆಣಿಗೆ, ಅದು ಇರ್ರೆಗ್ಯುಲರ್: ಚರ್ಮದ ಒಳಪದರ ಡರ್ಮಿಸ್. ಚಪ್ಪಲಿಯ ತೊಗಲು ಯಾವ ಕಡೆ ಎಳೆದರೂ ಸುಲಭಕ್ಕೆ ಹರಿಯಲ್ಲ, ಅದು ಹದ ಮಾಡಿದ ಡರ್ಮಿಸ್ಸೇ.

ಮೂಳೆಗೆ ಮನೆಯಲ್ಲೇ ಮಾಡಿ ನೋಡಲಿ. ಕೋಳಿ ಕಾಲಿನ ಮೂಳೆ ಚೆನ್ನಾಗಿ ತೊಳೆದು ವಿನೆಗರ್‌ನಲ್ಲಿ ಮುಳುಗಿಸಿ ಕೆಲವು ದಿನ ಬಿಡಲಿ, ನಡುವೆ ವಿನೆಗರ್ ಬದಲಾಯಿಸಲಿ. ಆಮ್ಲಕ್ಕೆ ಲವಣ ಕರಗಿ ಹೋಗುತ್ತೆ, ಕೊಲಾಜನ್ ಉಳಿಯುತ್ತೆ, ಮೂಳೆ ಬಗ್ಗುತ್ತೆ. ಇನ್ನೊಂದು ಮೂಳೆಯನ್ನು ಒಲೆಯ ಕೆಂಡದಲ್ಲಿ ಚೆನ್ನಾಗಿ ಸುಡಲಿ. ಈಗ ನಾರು ಸುಟ್ಟು ಲವಣ ಮಾತ್ರ ಉಳಿದಿರುತ್ತೆ, ಆಕಾರ ಹಾಗೇ ಇರುತ್ತೆ, ಬೆರಳಲ್ಲಿ ಒತ್ತಿದರೆ ಪುಡಿ. ಸುಡುವುದನ್ನು ಮನೆ ಹೊರಗೆ ಮಾಡಲಿ, ಹಾಸ್ಟೆಲ್‌ನಲ್ಲಿ ಬೇಡ, ವಾಸನೆಗೆ ವಾರ್ಡನ್ ಬರುತ್ತಾರೆ.